ಅಜ್ಜನ ಹೆಸರಿನ ಪಹಣಿ, ಮೊಮ್ಮಕ್ಕಳ ಪಾಡು

ಮಾನ್ಯರೇ,

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನಮ್ಮ ಚಳ್ಳಕೆರೆಯೂ ಆ ಪಟ್ಟಿಯಲ್ಲಿತ್ತು. ಪಕ್ಕದ ಮನೆಯವರ ನಾಲ್ಕು ಎಕರೆ ಶೇಂಗಾ ಆ ವರ್ಷ ಹೂವಿಗೇ ನಿಂತುಹೋಯಿತು. ಗಿಡ ಕಿತ್ತರೆ ಬರೀ ಜೊಳ್ಳು ಕಾಯಿ. ಆ ಬಳ್ಳಿಯನ್ನೇ ಒಣಗಿಸಿ ಬಣವೆ ಒಟ್ಟಿ ಎರಡು ಹಸು ಉಳಿಸಿಕೊಂಡರು. ಆ ಮನೆಯ ಅಕ್ಕ ಇವತ್ತಿಗೂ ಬೆಳಗ್ಗೆ ಐದೂವರೆಗೆ ಕ್ಯಾನು ಹಿಡಿದು ಡೇರಿಗೆ ಹೊರಡುತ್ತಾರೆ. ಅಂಗಡಿ ಸಾಲ, ಮಗಳ ಬಸ್ ಪಾಸು ಎಲ್ಲಾ ಹಾಲಿನ ದುಡ್ಡಲ್ಲೇ. ಯಜಮಾನರು ಗಾರೆ ಕೆಲಸಕ್ಕೆ ಹೋಗುತ್ತಾರೆ, ಮಳೆ ಬಿದ್ದರೆ ಮತ್ತೆ ಹೊಲಕ್ಕೆ. ‘ಬೀಳು ಬಿದ್ದ ಹೊಲ ನೋಡೋಕಾಗಲ್ಲ ಕಣಪ್ಪ’ ಅನ್ನುತ್ತಾರೆ.

ಇಂಥವರಿಗೆ ಬೆಳೆ ಪರಿಹಾರ ಬರಲಿಲ್ಲ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲಿದೆ. ಉಳುವವರ ಹೆಸರಿಗೆ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇಲ್ಲದೆ ಹಣ ಜಮೆಯಾಗದು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಲೆದದ್ದೇ ಬಂತು. ವಂಶವೃಕ್ಷ ಒಯ್ದರೆ ಮರಣ ಪ್ರಮಾಣಪತ್ರ ಇಲ್ಲ, ಅದನ್ನು ಒಯ್ದರೆ ಬೆಂಗಳೂರಿನಲ್ಲಿರುವ ಅತ್ತೆಯ ಸಹಿ ಇಲ್ಲ. (ಅಷ್ಟೂ ದಿನದ ಕೂಲಿ ಹೋಯಿತು, ಅದನ್ನು ಯಾರು ಕೇಳುತ್ತಾರೆ?) ಕಂದಾಯ ಸಿಬ್ಬಂದಿ ಮುಂದಿನ ಮುಂಗಾರಿಗೆ ಮುಂಚೆ ಊರಿಗೇ ಬಂದು, ಒಂದು ದಿನ ಕೂತು ಇಂಥ ಖಾತೆಗಳನ್ನು ಮಾಡಿಕೊಡಲಿ.

– ಓದುಗ, ಚಳ್ಳಕೆರೆ ತಾಲ್ಲೂಕು