ಚಕ್ಕೋತ ಗಿಡಕ್ಕೆ ಒದ್ದೆ ಬಟ್ಟೆ

ಲೋ ಗುಂಡ,

ನಾಲ್ಕು ತಿಂಗಳಾಯ್ತು, ನಿನ್ನ ಸುದ್ದಿಯೇ ಇಲ್ಲ. ಫೋನ್ ಎತ್ತುವುದಿಲ್ಲ, ಸರಿ. ಆದರೆ ಇದನ್ನು ಓದೇ ಓದುತ್ತೀಯ, ನಾನು ಬರೆದದ್ದರಲ್ಲಿ ಕಾಗುಣಿತದ ತಪ್ಪು ಹುಡುಕದೆ ನಿನಗೆ ನಿದ್ದೆ ಬರುವುದಿಲ್ಲವಲ್ಲ. ಉಳಿದವರೂ ಓದಿಕೊಳ್ಳಲಿ. ನನ್ನ ಹತ್ತಿರವೇ ಉಳಿದ ನಿನ್ನ ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಈಗ ನಾನೊಂದು ಕಳೆ ಸಾಕುತ್ತಿದ್ದೇನೆ. ಗುಲಾಬಿ ಒಣಗಿದ ಪಾತಿಯಲ್ಲಿ ತಾನಾಗಿ ಹುಟ್ಟಿದ ಚಕ್ಕೋತ ಸೊಪ್ಪಿನ ಗಿಡ. ಬೀಜ ಯಾರೂ ಹಾಕಿಲ್ಲ. ಗುಲಾಬಿಯ ಬೇರು ಕೀಳಲು ಮಣ್ಣು ಅಗೆದಿದ್ದೆ, ಅಷ್ಟೇ. ಇದರ ಬೀಜ ಮಣ್ಣೊಳಗೆ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ, ಮಣ್ಣು ತಿರುವಿದಾಗ ಚೂರು ಬೆಳಕು ಬಿದ್ದರೆ ಸಾಕು, ಎದ್ದುಬಿಡುತ್ತದೆ. ಎಲೆ ಹೆಬ್ಬಾತಿನ ಪಾದದ ಹಾಗಿದೆ ಅಂತ ಇದರ ಕುಲಕ್ಕೆ ಕೀನೋಪೋಡಿಯಂ ಅಂತ ಹೆಸರು. ಗ್ರೀಕಿನಲ್ಲಿ ಅದರ ಅರ್ಥವೇ ಹೆಬ್ಬಾತಿನ ಕಾಲು. ನಮ್ಮ ಗಣಿತದ ಮೇಷ್ಟ್ರ ನಡಿಗೆ ನೆನಪಾಯ್ತಾ?

ನನ್ನ ತಲೆಬಿಸಿ ಶುರುವಾದದ್ದು ಎಲೆ ಮೇಲಿನ ಬಿಳಿ ಪುಡಿಯಿಂದ. ಕುಡಿಯಲ್ಲಂತೂ ಯಾರೋ ಹಿಟ್ಟು ಉದುರಿಸಿದ ಹಾಗಿತ್ತು. ಬೂದಿ ರೋಗ ಅಂದುಕೊಂಡೆ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಎಲೆಯನ್ನು ಅಂಗೈ ಮೇಲಿಟ್ಟು, ಮೇಲೆ ಒಂದು ಸಲ, ಮಗುಚಿ ಕೆಳಗೆ ಒಂದು ಸಲ ಒರೆಸಿದೆ. ಒಂಬತ್ತು ದಿನ! ಹತ್ತನೇ ದಿನ ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದ ನೋಡಿ, "ಅದರ ಮೈಯೇ ಹಾಗೆ ಕಣಪ್ಪಾ, ಬಿಡು ಅದನ್ನ" ಅಂದರು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಅದು ಪುಡಿಯೇ ಅಲ್ಲ ಮಾರಾಯ. ಸಣ್ಣ ಸಣ್ಣ ಗುಳ್ಳೆಗಳು, ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ಎಲೆಯ ರೋಮವೇ ಹಾಗೆ ಊದಿಕೊಂಡಿರುವುದು, ಒಳಗೆ ನೀರು ಉಪ್ಪು. ನಾನು ಒರೆಸದೆ ಉಳಿದ ಕುಡಿ ಮೇಲೆ ನೀರು ಚಿಮುಕಿಸಿದೆ, ಹನಿ ಉಂಡೆ ಕಟ್ಟಿ ಜಾರಿ ಬಿತ್ತು. ಅಂದರೆ ಒಂಬತ್ತು ದಿನ ನಾನು ಉಜ್ಜಿ ತೆಗೆದದ್ದು ಆ ಗಿಡ ತಾನಾಗಿ ಮಾಡಿಕೊಂಡ ಹೊದಿಕೆಯನ್ನು.

ಅವತ್ತಿನಿಂದ ನೀನು ತಲೆಯಲ್ಲಿ ಕೂತಿದ್ದೀಯ. ನೀನು ಕೆಲಸ ಬಿಟ್ಟಾಗಲೂ ನಾನು ಇದನ್ನೇ ಮಾಡಿದೆ ಅಲ್ವಾ? ಬೆಳಗಾದರೆ ಒಂದು ಮೆಸೇಜು, ಅಲ್ಲಿ ಕೆಲಸ ಖಾಲಿ ಇದೆ, ಇಲ್ಲಿ ಕೇಳು, ಮನೆಯಲ್ಲೇ ಕೂರಬೇಡ. ನಿನ್ನ ಅಣ್ಣನಿಗೆ ಫೋನ್ ಮಾಡಿ "ಇವನು ಯಾಕೋ ಮಂಕಾಗಿದ್ದಾನೆ, ಸ್ವಲ್ಪ ನೋಡ್ಕೊಳ್ಳಿ" ಅಂದವನು ನಾನೇ. ನಿನಗೆ ಆಗಲೇ ಗುಮಾನಿ ಇರಬಹುದು. ನೀನು ಮಂಕಾಗಿರಲಿಲ್ಲ, ಸುಮ್ಮನಿದ್ದೆ. ಚಿಕ್ಕಂದಿನಿಂದಲೂ ನೀನು ಹಾಗೇ. ಇನ್ನೊಂದು ಹೇಳಿಬಿಡುತ್ತೇನೆ. ಅದರಲ್ಲಿ ಕಾಳಜಿ ಅರ್ಧ ಮಾತ್ರ. ಇನ್ನರ್ಧ ಹೊಟ್ಟೆಯುರಿ. ನಾನು ಹನ್ನೊಂದು ವರ್ಷದ ಹಿಂದೆ ಬರೆದ ರಾಜೀನಾಮೆ ಪತ್ರ ಇನ್ನೂ ಡ್ರಾಯರಿನಲ್ಲಿದೆ, ವರ್ಷಕ್ಕೊಂದು ಸಲ ತಾರೀಖು ತಿದ್ದಿ ಮತ್ತೆ ಒಳಗಿಡುತ್ತೇನೆ. ನೀನು ಒಂದೇ ಮಧ್ಯಾಹ್ನದಲ್ಲಿ ಕೊಟ್ಟು ಬಂದು, ರಾತ್ರಿ ಗೊರಕೆ ಹೊಡೆದೆ. ಅದು ನನಗೆ ರೋಗದ ಹಾಗೆ ಕಂಡಿತು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅದೂ ಊರೆಲ್ಲ ಓದುವ ಜಾಗದಲ್ಲಿ. ಅಳಿಸೋಣ ಅಂದರೆ ಅದೂ ಒರೆಸಿದ ಹಾಗೇ ಆಗುತ್ತೆ. ಬಿಡು.

ಗಿಡ ಈಗ ನನ್ನ ಎದೆ ಮಟ್ಟಕ್ಕಿದೆ, ಕಾಂಡದ ಮೇಲೆ ಕೆಂಪು ಗೀರು. ಗೊಬ್ಬರ ನಿಲ್ಲಿಸಿದ್ದೇನೆ, ಜಾಸ್ತಿಯಾದರೆ ತಿನ್ನುವವರಿಗೆ ಒಗ್ಗದ ನೈಟ್ರೇಟ್ ಲವಣ ಎಲೆಯಲ್ಲಿ ಸೇರಿಕೊಳ್ಳುತ್ತದೆ. ಎಳೆ ಕುಡಿ ಮಾತ್ರ ಚಿವುಟಿ, ಬೇಯಿಸಿ ತಿನ್ನುತ್ತೇನೆ. ನಗಬೇಡ, 1950ರಲ್ಲಿ ಡೆನ್ಮಾರ್ಕಿನ ಜೌಗಿನಲ್ಲಿ ಕೊಳೆಯದೆ ಸಿಕ್ಕ, 'ಟೋಲುಂಡ್ ಮನುಷ್ಯ' ಅಂತ ಕರೆಯುವ ಹಳೇ ಹೆಣದ ಹೊಟ್ಟೆಯಲ್ಲೂ ಇದರ ಬೀಜ ಇತ್ತು. ಅವನು ಸತ್ತು 2000 ವರ್ಷದ ಮೇಲಾಗಿದೆ, ಸತ್ತದ್ದು ಇದನ್ನು ತಿಂದು ಅಲ್ಲ. ಬೀಜದಲ್ಲಿ ಎರಡು ಬಗೆ. ಕಂದು ಬಣ್ಣದ್ದು ಸಿಪ್ಪೆ ತೆಳು, ಬಿದ್ದ ಕೂಡಲೇ ಮೊಳೆಯುತ್ತದೆ. ಕಪ್ಪು ಬೀಜ ದಪ್ಪ ಸಿಪ್ಪೆ ಹೊದ್ದು ಮಲಗಿಬಿಡುತ್ತದೆ, ಯಾರು ಕರೆದರೂ ಏಳುವುದಿಲ್ಲ. ನೀನು ಯಾವುದು ಅಂತ ಬಿಡಿಸಿ ಹೇಳಬೇಕಾ?

ಒಂದು ಮಾತು ತಪ್ಪಿದೆ, ಛತ್ರಿ ವಿಷಯ ಎತ್ತಲೇಬೇಕು. ಗಿಡ ವಾಲಬಾರದು ಅಂತ ಅದನ್ನೇ ಊರುಗೋಲು ಮಾಡಿ ಕಟ್ಟಿದ್ದೇನೆ. ಗಿಡ ವಾಲುತ್ತಿರಲಿಲ್ಲ, ಅದು ಬೇರೆ ಮಾತು. ಬೇಕಾದರೆ ಬಂದು ಬಿಚ್ಚಿಕೊಂಡು ಹೋಗು.

ಇಂತಿ,
ಒದ್ದೆ ಬಟ್ಟೆ