ವಿಷಯ: ಪ್ರವಾಸ ಪಟ್ಟಿಯಲ್ಲಿದ್ದ ಗಡಿಯಾರ ಸಂಗ್ರಹಾಲಯವನ್ನು ತೋರಿಸದಿರುವ ಬಗ್ಗೆ ದೂರು

ಮಾನ್ಯ ವ್ಯವಸ್ಥಾಪಕರೇ,

ನಿಮ್ಮ ಕಚೇರಿಗೆ ಹಲವು ಬಾರಿ ಫೋನ್ ಮಾಡಿ ವಿನಯದಿಂದಲೇ ವಿಚಾರಿಸಿದರೂ ‘ಮೇಲಿನವರಿಗೆ ತಿಳಿಸುತ್ತೇವೆ’ ಎಂಬ ಮಾತಿನಾಚೆ ಉತ್ತರ ಬಾರದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಯುರೋಪ್ ಪ್ರವಾಸದ ಪಟ್ಟಿಯಲ್ಲಿ ಆಮ್‌ಸ್ಟರ್‌ಡ್ಯಾಂ ಸಮೀಪದ ಝಾನ್ಸೆ ಸ್ಕಾನ್ಸ್‌ನ ಡಚ್ ಗಡಿಯಾರ ಸಂಗ್ರಹಾಲಯದ ಭೇಟಿ, ಪ್ರವೇಶ ಶುಲ್ಕವೂ ಸೇರಿ, ಎಂದು ಅಚ್ಚಾಗಿದೆ. ಜೀವನವಿಡೀ ಗಡಿಯಾರ ರಿಪೇರಿ ಮಾಡಿದ ನಾನು ಈ ಪ್ರವಾಸವನ್ನು ಆರಿಸಿಕೊಂಡದ್ದೇ ಆ ಒಂದು ಸಾಲನ್ನು ನಂಬಿ. ದಿನಕ್ಕೆ ಕಾಲು ಗಂಟೆಯಷ್ಟು ತಪ್ಪುತ್ತಿದ್ದ ಗಡಿಯಾರವನ್ನು ಸುಮಾರು ಹದಿನೈದು ಸೆಕೆಂಡುಗಳ ವ್ಯತ್ಯಾಸಕ್ಕೆ ತಂದದ್ದು 1656ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ರೂಪಿಸಿದ ಲೋಲಕದ ಗಡಿಯಾರ. ಆ ವಿನ್ಯಾಸವನ್ನು ಹೇಗ್ ನಗರದ ಕುಶಲಕರ್ಮಿ ಸಾಲೊಮನ್ ಕೋಸ್ಟರ್ ಗಡಿಯಾರವಾಗಿಸಿದ ನಾಡಿನಲ್ಲಿ, ಹಿತ್ತಾಳೆಯ ಗುಂಡುಗಳು ಹೊರಗೇ ತೂಗುವ ಝಾನ್ ಪ್ರದೇಶದ ಗೋಡೆ ಗಡಿಯಾರವನ್ನು ಎದುರಿಗೆ ನಿಂತು ನೋಡಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು.

ಗಾಳಿಯಂತ್ರ, ಚೀಸ್ ಅಂಗಡಿ, ಮರದ ಪಾದರಕ್ಷೆಯ ಅಂಗಡಿಗಳನ್ನು ಮುಗಿಸಿ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದಾಗ, ಸಂಗ್ರಹಾಲಯಕ್ಕೆ ಯಾವಾಗ ಹೋಗುವುದೆಂದು ನಿಮ್ಮ ಪ್ರವಾಸ ವ್ಯವಸ್ಥಾಪಕರನ್ನು ಕೇಳಿದೆ. “ಅಂಕಲ್, ಅದು ಆಪ್ಷನಲ್” ಎಂದರು. ಪಟ್ಟಿಯನ್ನು ತೆರೆದು ಮುಂದೆ ಹಿಡಿದರೆ ಅದರತ್ತ ಕಣ್ಣು ಹಾಯಿಸದೆ ಮೈಕ್ ಎತ್ತಿಕೊಂಡು, “ಹಳೇ ಗಡಿಯಾರ ನೋಡೋಕೆ ಯಾರ್ಯಾರು ಬರ್ತೀರಾ, ಕೈ ಎತ್ತಿ” ಎಂದು ಕೂಗಿದರು. ನನ್ನ ಹೆಂಡತಿಯೊಬ್ಬಳೇ ಕೈ ಎತ್ತಿದಳು. “ನೋಡಿ ಅಂಕಲ್, ಮೆಜಾರಿಟಿ ಇಲ್ಲ. ಟೈಮ್ ಬೇಕಾದ್ರೆ ಮೊಬೈಲ್‌ನಲ್ಲೇ ಇದೆಯಲ್ಲ!” ಬಸ್ಸಿಗೆ ಬಸ್ಸೇ ನಕ್ಕಿತು. ಆಕೆ ಕೈಯನ್ನು ಮೆಲ್ಲಗೆ ಇಳಿಸಿ ಸೆರಗಿನೊಳಗೆ ಇಟ್ಟುಕೊಂಡದ್ದನ್ನು ನಾನು ಮರೆಯಲಾರೆ.

ಪ್ರತಿಕೂಲ ಹವಾಮಾನ, ಮುಷ್ಕರ ಅಥವಾ ಸ್ಥಳ ಮುಚ್ಚಿರುವ ಸಂದರ್ಭವನ್ನು ಬಿಟ್ಟು ಕಾರ್ಯಕ್ರಮ ಬದಲಾಗದೆಂಬುದು ನೀವೇ ಬರೆದ ಷರತ್ತು. ಅಂದು ಮಳೆಯಿರಲಿಲ್ಲ, ಮುಷ್ಕರವಿರಲಿಲ್ಲ, ಸಂಗ್ರಹಾಲಯದೊಳಗೆ ಜನ ಹೋಗಿಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಹಣ ಕಟ್ಟಿಸಿಕೊಂಡು ಮಾತು ಕೊಟ್ಟ ಭೇಟಿಗೆ ಸಹಪ್ರಯಾಣಿಕರ ಕೈಯೆಣಿಕೆ ನಡೆಸಬಹುದೆಂದು ನಿಮ್ಮ ಯಾವ ನಿಯಮದಲ್ಲಿದೆ, ತಿಳಿಸಿ.

ಪ್ರವೇಶ ಶುಲ್ಕವನ್ನಷ್ಟೇ ಮರಳಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನನ್ನ ಹೆಂಡತಿಯ ಹೆಸರಿಗೆ ಲಿಖಿತ ಕ್ಷಮಾಪಣೆ ಹದಿನೈದು ದಿನಗಳೊಳಗೆ ತಲುಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇನೆ. ಆ ಪ್ರವಾಸ ಪಟ್ಟಿ, ರಸೀದಿಗಳು ಮತ್ತು ಷರತ್ತು ಪತ್ರದ ಪ್ರತಿಗಳನ್ನು ಈಗಾಗಲೇ ವಕೀಲರಿಗೆ ಒಪ್ಪಿಸಿದ್ದೇನೆ.

ಇಂತಿ,
ನಿಮ್ಮ ಪ್ರವಾಸದ ಗ್ರಾಹಕ