ಕಾದಂಬರಿಗೆ ಅವಸರ ಬೇಡ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಪತ್ರವನ್ನೂ ಜೊತೆಗಿದ್ದ ಕಥೆಯನ್ನೂ ಓದಿದೆ. ವಯಸ್ಸು 24 ಆಯಿತು, ಓರಗೆಯವರ ಪುಸ್ತಕಗಳು ಬರುತ್ತಿವೆ, ಕೆಲಸ ಬಿಟ್ಟು ಆರು ತಿಂಗಳಲ್ಲಿ ಕಾದಂಬರಿ ಮುಗಿಸಿಬಿಡುತ್ತೇನೆ ಎಂದಿದ್ದೀಯ. ಮೊದಲ ಎರಡು ಮಾತಿಗೆ ನಾನೇನು ಹೇಳಲಿ, ಅವು ನಿಜವೇ. ಈ ಪತ್ರ ಮೂರನೆಯದಕ್ಕೆ.

ಕೆಲಸ ಬಿಡಬೇಡ ಮಗಳೇ. ಸಂಬಳ ನಿಂತ ದಿನದಿಂದ ಕಾದಂಬರಿಯೇ ನಿನ್ನನ್ನು ಸಾಕಬೇಕಾಗುತ್ತದೆ, ಅರ್ಧ ಬರೆದ ಕಾದಂಬರಿಗೆ ಆ ಶಕ್ತಿ ಇರುವುದಿಲ್ಲ. ಮೊದಲ ಎರಡು ತಿಂಗಳು ಹಾಯಾಗಿರುತ್ತದೆ. ಉಳಿತಾಯ ಕರಗತೊಡಗಿತು ಎಂದರೆ ಪ್ರತಿ ಅಧ್ಯಾಯದ ಬೆನ್ನಿಗೂ ‘ಇದು ಯಾವಾಗ ಮುಗಿದೀತು’ ಎಂಬ ಚಿಂತೆ ಹತ್ತಿಕೊಳ್ಳುತ್ತದೆ. ಪಾತ್ರಗಳು ಮಾತು ಮುಗಿಸುವ ಮೊದಲೇ ಅವರನ್ನು ಎಬ್ಬಿಸಿ ಕಳಿಸಿಬಿಡುತ್ತೀಯ. ಅವಸರದಲ್ಲಿ ಬರೆದ ಕಾದಂಬರಿಗಳ ಕೊನೆಯ ಐವತ್ತು ಪುಟ ತೆಗೆದು ನೋಡು: ಇನ್ನೂರು ಪುಟ ನಿಧಾನವಾಗಿ ಬಂದ ಜನ ಅಲ್ಲಿ ಒಬ್ಬರ ಮೇಲೊಬ್ಬರು ಸಾಯುತ್ತಾರೆ, ಊರು ಬಿಡುತ್ತಾರೆ, ರಾಜಿಯಾಗುತ್ತಾರೆ. ಕೆಟ್ಟಿರುವುದು ಕಲ್ಪನೆಯಲ್ಲ, ಗಡುವು.

ಲೆಕ್ಕ ಹಾಕೋಣ. ದಿನಕ್ಕೆ ಮುಕ್ಕಾಲು ಗಂಟೆ, 200 ಪದ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಹೆಚ್ಚುಕಡಿಮೆ ಅಷ್ಟಕ್ಕೇ ಒಂದು ಅಚ್ಚಿನ ಪುಟ ತುಂಬುತ್ತದೆ. ತಿಂಗಳಿಗೆ 25 ದಿನ ಹಿಡಿದರೂ 5,000 ಪದ, ವರ್ಷಕ್ಕೆ 60,000. ಸಾಧಾರಣ ಗಾತ್ರದ ಕಾದಂಬರಿಯೊಂದರ ಮೊದಲ ಕರಡು ಅದು. ಉಮೇದು ಬಂದ ದಿನ 2,000 ಪದ ಬರೆದು ಮುಂದಿನ ಹತ್ತು ದಿನ ಕಾಗದ ಮುಟ್ಟದೆ ಇರುವುದಕ್ಕಿಂತ ಇದು ಮೇಲು. ಹತ್ತು ದಿನ ಬಿಟ್ಟರೆ ಪಾತ್ರದ ದನಿ ಕಿವಿಯಿಂದ ಜಾರಿರುತ್ತದೆ, ಮತ್ತೆ ಹಿಡಿಯುವುದರಲ್ಲೇ ಎರಡು ದಿನ ಹೋಗುತ್ತದೆ. ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ಪೆನ್ನು ಕೆಳಗಿಡು. ಖಾಲಿಯಾಗುವ ತನಕ ಬರೆದು ಎದ್ದರೆ ನಾಳೆ ಖಾಲಿ ಹಾಳೆಯ ಮುಂದೆಯೇ ಕೂರಬೇಕಾಗುತ್ತದೆ.

ವಯಸ್ಸಿನ ಮಾತೆತ್ತಿದ್ದೀಯಲ್ಲ, ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ‘ಮದಾಂ ಬೊವಾರಿ’ಯನ್ನು 1851ರಲ್ಲಿ ಶುರುಮಾಡಿದಾಗ ಅವನಿಗೆ 29. ಮುಗಿಸಿದ್ದು 1856ರಲ್ಲಿ. ಪ್ರಕಟವಾದ ಅವನ ಮೊದಲ ಕಾದಂಬರಿಯೇ ಅದು. ಮನೆಯ ಆಸ್ತಿ ಇತ್ತು, ದುಡಿಯುವ ಚಿಂತೆ ಇರಲಿಲ್ಲ. ಆದರೂ ಐದು ವರ್ಷ ಹಿಡಿಯಿತು. ಬರೆದ ವಾಕ್ಯಗಳನ್ನು ಗಟ್ಟಿ ದನಿಯಲ್ಲಿ ಕೂಗಿ ಓದಿ, ಕಿವಿಗೆ ಒಪ್ಪದ್ದನ್ನು ಮತ್ತೆ ಬರೆಯುತ್ತಿದ್ದ.

ಇನ್ನು ನಿನ್ನ ಕಥೆ. ಒಂದೇ ಒಂದು ಸಾಲು ತೆಗೆದುಕೊಳ್ಳುತ್ತೇನೆ: ‘ಅವಳು ತುಂಬಾ ದುಃಖದಿಂದ ಭಾರವಾದ ಹೆಜ್ಜೆಗಳನ್ನಿಡುತ್ತಾ ಬಂದು ಬಾಗಿಲು ಮುಚ್ಚಿದಳು.’ ತುಂಬಾ ದುಃಖ, ಭಾರವಾದ ಹೆಜ್ಜೆ, ಇವು ಯಾರ ಕೈಗಾದರೂ ಮೊದಲು ಸಿಗುವ ಮಾತುಗಳು. ಅವಳನ್ನು ಇನ್ನು ಹತ್ತು ನಿಮಿಷ ನೋಡುತ್ತಾ ಕೂತಿದ್ದರೆ ನೀನೇ ನಾಲ್ಕು ಪುಟ ಹಿಂದೆ ಬರೆದ ಚಿಲಕ ನೆನಪಾಗುತ್ತಿತ್ತು. ಗಂಡ ಎಷ್ಟು ಹೊತ್ತಿಗೆ ಬರುತ್ತಾನೋ ಎಂದು ದಿನಾ ಚಿಲಕ ಹಾಕದೆ ಮಲಗುತ್ತಿದ್ದವಳಲ್ಲವೇ ಅವಳು? ‘ಬಾಗಿಲು ಮುಚ್ಚಿದಳು. ಚಿಲಕ ಹಾಕಿದಳು.’ ಇಷ್ಟು ಸಾಕು ಕಣೇ. ಎಷ್ಟು ಒಳ್ಳೆಯ ಚಿಲಕ ಅದು, ಅದನ್ನು ಅಲ್ಲೇ ಮರೆತು ಮುಂದೆ ಓಡಿದ್ದೀಯ ಎಂದು ಓದುವಾಗ ಜೀವ ಚುರ್ರೆಂದಿತು.

ಇಂಥದ್ದು ಬರೆದ ವಾರದಲ್ಲಿ ನಿನಗೆ ಕಾಣುವುದಿಲ್ಲ. ಹೇಳಬೇಕೆಂದುಕೊಂಡದ್ದು ತಲೆಯಲ್ಲಿ ಹಸಿಯಾಗಿರುತ್ತದೆ. ಕಣ್ಣು ಹಾಳೆಯ ಮೇಲಿದ್ದರೂ ಮನಸ್ಸು ತಲೆಯಲ್ಲಿರುವುದನ್ನೇ ಓದುತ್ತದೆ, ಬಿಟ್ಟುಹೋದ ವಾಕ್ಯವನ್ನೂ ತಾನೇ ತುಂಬಿಕೊಳ್ಳುತ್ತದೆ. ಅದಕ್ಕೇ ಕಥೆಯಾದರೆ ಆರು ವಾರ, ಕಾದಂಬರಿಯ ಕರಡಾದರೆ ಕನಿಷ್ಠ ಮೂರು ತಿಂಗಳು ಮುಚ್ಚಿಡು. ಆಮೇಲೆ ಮುದ್ರಿಸಿಕೊಂಡು, ಪೆನ್ನಿಲ್ಲದೆ, ಒಂದೇ ಕೂತಿನಲ್ಲಿ ಓದು. ಎರಡನೇ ಓದಿನಲ್ಲಿ ಮನಸ್ಸು ಎಲ್ಲಿ ಬೇರೆಡೆಗೆ ಹೋಯಿತೋ ಅಲ್ಲಿ ಅಂಚಿನಲ್ಲೊಂದು ಗೆರೆ ಎಳೆ, ತಿದ್ದಬೇಡ. ಮೊದಲ ಪ್ಯಾರಾಗಳನ್ನು ಒಂದೊಂದಾಗಿ ಮುಚ್ಚಿ ನೋಡು. ಎಷ್ಟೋ ಕಥೆಗಳು ಮೂರನೇ ಪ್ಯಾರಾದಲ್ಲಿ ಶುರುವಾಗುತ್ತವೆ, ಹಿಂದಿನದೆಲ್ಲ ಬರೆಯುವವರು ಗಂಟಲು ಸರಿಮಾಡಿಕೊಂಡದ್ದು. ಕಟ್ಟು ಸರಿಹೋದ ಮೇಲೆ ವಾಕ್ಯಕ್ಕೆ ಬಾ, ಕಾಗುಣಿತ, ಲ-ಳ, ಮಹಾಪ್ರಾಣ ಎಲ್ಲಕ್ಕಿಂತ ಕೊನೆಗೆ. ನೀನು ಇದನ್ನು ತಿರುವುಮುರುವು ಮಾಡುತ್ತಿದ್ದೀಯ. ನಯವಾಗಿ ತಿದ್ದಿಟ್ಟ ಪುಟವನ್ನು ಆಮೇಲೆ ಕಿತ್ತುಹಾಕಲು ಕೈ ಬರುವುದಿಲ್ಲ, ಬೇಡದ ಪುಟ ಹಾಗೇ ಉಳಿದುಬಿಡುತ್ತದೆ.

ವಾಕ್ಯ ತಿದ್ದುವಾಗ ಗಟ್ಟಿಯಾಗಿ ಓದು. ‘ಎದ್ದಳು, ನೋಡಿದಳು, ನಡೆದಳು, ಕೂತಳು’ ಎಂದು ನಾಲ್ಕು ವಾಕ್ಯ ಒಂದೇ ಪ್ರತ್ಯಯದಲ್ಲಿ ಮುಗಿದರೆ ಕಿವಿ ಕೂಡಲೇ ಹೇಳುತ್ತದೆ. ‘ಎದ್ದು ನೋಡಿ’ ಎಂದು ಎರಡನ್ನು ಕೂಡಿಸು, ಒಂದನ್ನು ತೆಗೆ, ಇನ್ನೊಂದರಲ್ಲಿ ಕರ್ತೃವನ್ನು ಬದಲಿಸು. ಹಾಗೆಂದು ‘ಎದ್ದು, ನೋಡಿ, ನಡೆದು, ಕೂತು’ ಎಂದು ಸರಪಳಿ ಹೆಣೆಯಬೇಡ. ಕ್ರಿಯಾಪದ ಸಿಗುವ ಹೊತ್ತಿಗೆ ಓದುವವರ ಉಸಿರು ಹೋಗಿರುತ್ತದೆ.

ಬದುಕಿನ ವಿಷಯಕ್ಕೂ ಒಂದು ಮಾತು. ಬರೆಯಲು ಅನುಭವ ಬೇಕೆಂದು ಅನುಭವಗಳ ಬೆನ್ನು ಹತ್ತಬೇಡ. ಮನೆಯಲ್ಲಿ ಸಾವಾಗಲಿ, ಜಗಳವಾಗಲಿ ನಡೆಯುತ್ತಿರುವಾಗಲೇ ಅದನ್ನು ತಲೆಯಲ್ಲಿ ವಾಕ್ಯ ಮಾಡುತ್ತಾ ನಿಂತರೆ ನೀನು ಅಲ್ಲಿ ಇದ್ದೂ ಇಲ್ಲದಂತೆ, ಜೊತೆಗಿರುವವರಿಗೆ ಅದು ಗೊತ್ತಾಗುತ್ತದೆ. ಅವರ ಪಕ್ಕ ಕೂರು. ಮಾರನೆಯ ದಿನ ತಾರೀಕು ಹಾಕಿ ವಿವರಗಳನ್ನಷ್ಟೇ ಬರೆದಿಡು: ಯಾರು ಎಲ್ಲಿ ಕೂತಿದ್ದರು, ಮೊದಲು ಮಾತಾಡಿದ್ದು ಯಾರು, ಯಾವ ದೀಪ ಉರಿಯುತ್ತಿತ್ತು. ಅದರ ಅರ್ಥವೇನೆಂದು ಬರೆಯಬೇಡ. ವಿವರ ಹತ್ತು ದಿನದಲ್ಲಿ ಕಲಸಿಹೋಗುತ್ತದೆ, ಅದಕ್ಕೆ ಕಾಯಲು ಆಗದು. ಅರ್ಥ ವರ್ಷಗಟ್ಟಲೆ ಬದಲಾಗುತ್ತಲೇ ಇರುತ್ತದೆ, ಈಗಲೇ ಕಥೆ ಮಾಡಿದರೆ ಮೊದಲು ತೋಚಿದ್ದಕ್ಕೇ ಅದನ್ನು ಕಟ್ಟಿಹಾಕಿದಂತಾಗುತ್ತದೆ.

ನಿಧಾನ ಎಂದರೆ ಮುಂದೂಡುವುದು ಎಂದುಕೊಂಡೀಯ, ಜೋಕೆ. ಮುಚ್ಚಿಟ್ಟ ಲಕೋಟೆಯ ಮೇಲೆ ತೆರೆಯುವ ತಾರೀಕು ಇರಲೇಬೇಕು, ಆ ಆರು ವಾರ ಇನ್ನೊಂದು ಬರವಣಿಗೆ ನಡೆಯುತ್ತಿರಬೇಕು. ಸ್ನೇಹಿತೆಗೆ ಓದಲು ಕೊಟ್ಟಾಗ ‘ಹೇಗಿದೆ’ ಎಂದು ಕೇಳಬೇಡ, ‘ಚೆನ್ನಾಗಿದೆ’ ಎನ್ನುತ್ತಾಳೆ, ಮುಗಿಯಿತು. ‘ಎಲ್ಲಿ ಓದು ನಿಲ್ಲಿಸಿ ಫೋನ್ ನೋಡಿದೆ?’ ಎಂದು ಕೇಳು. ಪತ್ರಿಕೆಗೆ ಕಳಿಸಿದರೆ ಒಂದು ಕಥೆ ಒಂದು ಕಡೆಗೆ ಮಾತ್ರ. ಕಳಿಸಿದ ದಿನ ಬರೆದಿಟ್ಟುಕೊಂಡು ಮೂರು ತಿಂಗಳು ಸುಮ್ಮನಿರು, ಉತ್ತರ ಬರದಿದ್ದರೆ ವಾಪಸು ಪಡೆಯುತ್ತಿದ್ದೇನೆಂದು ತಿಳಿಸಿ ಬೇರೆ ಕಡೆ ಕಳಿಸು.

ಸದ್ಯಕ್ಕೆ ಈ ಕಥೆಯನ್ನು ಯಾರಿಗೂ ಕಳಿಸಬೇಡ. ಇವತ್ತಿನಿಂದ ಆರು ವಾರ ಎಣಿಸಿ ತಾರೀಕು ಹಾಕಿಡು. ತಿದ್ದಿದ ಮೇಲೆ ನನಗೆ ಶುದ್ಧಪ್ರತಿ ಬೇಡ, ನೀನು ಹೊಡೆದುಹಾಕಿದ ಸಾಲುಗಳು ಕಾಣುವ ಪ್ರತಿಯನ್ನೇ ಕಳಿಸು.

ಇತಿ,
ನಿನ್ನ ದೊಡ್ಡಮ್ಮ